ಐದು ಮಂಗಗಳನ್ನು ಬಿಟ್ಟ ಲೆಕ್ಕ

ಮಂಗಗಳದೊಂದು ಹಿಂಡು. ಹಿಂಡಿನ ಐದನೇ ಒಂದು ಪಾಲಿನಲ್ಲಿ ಮೂರು ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಎಷ್ಟಾಗುತ್ತದೋ ಅಷ್ಟು ಮಂಗಗಳು ಗುಹೆ ಹೊಕ್ಕಿವೆ. ಒಂದು ಮಾತ್ರ ಗಿಡದ ಟೊಂಗೆಯ ಮೇಲೆ ಕೂತು ಕಾಣಿಸುತ್ತಿದೆ. ಹಿಂಡಿನಲ್ಲಿದ್ದ ಮಂಗಗಳೆಷ್ಟು?

ಭಾಸ್ಕರಾಚಾರ್ಯರು 1150ರಲ್ಲಿ ಮುಗಿಸಿದ 'ಸಿದ್ಧಾಂತ ಶಿರೋಮಣಿ'ಯ ಬೀಜಗಣಿತ ಭಾಗದ ಲೆಕ್ಕ ಇದು. ಬಿಡಿಸಿದರೆ ಎರಡು ಉತ್ತರ ಬರುತ್ತವೆ: 50 ಮತ್ತು 5. ಐವತ್ತರ ಐದನೇ ಪಾಲು ಹತ್ತು, ಮೂರು ಕಳೆದರೆ ಏಳು, ಏಳರ ವರ್ಗ ನಲವತ್ತೊಂಬತ್ತು, ಟೊಂಗೆಯ ಮೇಲಿನದು ಸೇರಿ ಐವತ್ತು. ಸರಿಹೋಯಿತು. ಐದನ್ನು ಹಾಕಿ ನೋಡಿ: ಐದನೇ ಪಾಲು ಒಂದು, ಮೂರು ಕಳೆದರೆ ಋಣ ಎರಡು, ಅದರ ವರ್ಗ ನಾಲ್ಕು, ಟೊಂಗೆಯ ಮೇಲಿನದು ಸೇರಿ ಐದು. ಇದೂ ಸರಿಹೋಯಿತು! ಆದರೆ ಭಾಸ್ಕರರು ಐದನ್ನು ಕೈಬಿಟ್ಟರು. ಇರುವ ಒಂದು ಮಂಗದಲ್ಲಿ ಮೂರನ್ನು ಕಳೆಯುವ ಮಾತನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಸಮೀಕರಣಕ್ಕೆ ಒಪ್ಪಿಗೆಯಾದದ್ದು ಗುಹೆಗೆ ಒಪ್ಪಿಗೆಯಾಗಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಮಂಗಗಳ ಲೆಕ್ಕವಿದೆ. ಹಿಂಡಿನ ಎಂಟನೇ ಪಾಲಿನ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಇಲ್ಲಿಯೂ ಎರಡು ಉತ್ತರ, 48 ಮತ್ತು 16. ಇಲ್ಲಿ ಭಾಸ್ಕರರು ಎರಡನ್ನೂ ಉಳಿಸಿಕೊಂಡರು. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಅವರಲ್ಲಿ ಬಾಯಿಪಾಠದ ಸೂತ್ರವಿರಲಿಲ್ಲ. ಉತ್ತರವನ್ನು ಹಿಡಿದುಕೊಂಡು ಲೆಕ್ಕ ಹುಟ್ಟಿದ ಜಾಗಕ್ಕೆ ಮರಳಿ ಹೋಗುವುದು, ಅಲ್ಲಿ ಅದು ನಿಲ್ಲುತ್ತದೆಯೇ ನೋಡುವುದು, ಅವರ ಪದ್ಧತಿ ಇಷ್ಟೇ.

ನಾನು ವಿಜಯಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಪೆಟ್ಟಿಗೆಯೊಳಗಿನ ಕಣ, ಮೆಟ್ಟಿಲಿಗೆ ಬಡಿಯುವ ಕಣ, ಗೋಡೆ ತೂರುವ ಕಣ, ಹೀಗೆ ಒಂದೇ ಆಯಾಮದ ತರಂಗ ಫಲನದ ಲೆಕ್ಕಗಳನ್ನು ಕರಿಹಲಗೆಯ ಮೇಲೆ ಬರೆದು ಅಳಿಸುತ್ತಲೇ ನನ್ನ ನೌಕರಿ ಕಳೆಯಿತು. ಅಷ್ಟೂ ವರ್ಷ ನನ್ನ ತಲೆಯಲ್ಲಿದ್ದದ್ದು ಈ ಐದು ಮಂಗಗಳೇ. ಲೆಕ್ಕ ಬಿಡಿಸುವುದರ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಬಿಡಿಸಿದ ಮೇಲೆ ತಾಳೆ ನೋಡುವುದಕ್ಕೂ ಒಂದು ಚರಿತ್ರೆಯಿದೆ. ಅದರ ಒಂದೆರಡು ಎಳೆಗಳು ನಮ್ಮ ಸೀಮೆಯಲ್ಲೂ ಹಾಯುತ್ತವೆ.

ಮೊದಲು ನಮ್ಮ ಊರಿನ ಅಭಿಮಾನವನ್ನೇ ತಾಳೆ ನೋಡೋಣ. ಭಾಸ್ಕರರು ನಮ್ಮ ವಿಜಯಪುರದವರೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿಕೊಂಡು ತಿರುಗಿದ್ದೇನೆ. ಅವರು ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114. ಆಗ ಈ ನೆಲವನ್ನು ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಭಾಸ್ಕರರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದಿದ್ದಾರೆ. ಹೆಸರಿನ ದನಿ ನಮ್ಮ ಕಡೆಗೆ ಎಳೆಯುತ್ತದೆ, ನಿಜ. ಆದರೆ ಆ ಊರು ಸಹ್ಯ ಪರ್ವತದ ಮಗ್ಗುಲಲ್ಲಿದೆ ಎಂದೂ ಅವರೇ ಹೇಳಿದ್ದಾರೆ. ತಿಕೋಟಾದ ನಮ್ಮ ಮನೆಯ ಮಾಳಿಗೆ ಹತ್ತಿ ನಾಲ್ಕೂ ದಿಕ್ಕಿಗೆ ನೋಡಿದರೂ ಕಾಣುವುದು ಎರೆಹೊಲ, ದ್ರಾಕ್ಷಿ ಪಡ, ಒಣದ್ರಾಕ್ಷಿಯ ಶೆಡ್ಡು. ಸಹ್ಯಾದ್ರಿ ಬಲು ದೂರ. ಮೇಲಾಗಿ ಮಹಾರಾಷ್ಟ್ರದ ಚಾಳಿಸಗಾಂವ ಹತ್ತಿರದ ಪಾಟಣೆಯಲ್ಲಿ 1207ರ ಶಾಸನವೊಂದಿದೆ. ಭಾಸ್ಕರರ ಗ್ರಂಥಗಳನ್ನು ಓದಿಸಲು ಅವರ ಮೊಮ್ಮಗ ಚಾಂಗದೇವ ಅಲ್ಲೊಂದು ಮಠ ಸ್ಥಾಪಿಸಿದ ಸಂಗತಿ ಅದರಲ್ಲಿದೆ. ವಿದ್ವಾಂಸರು ಎರಡೂ ಕಡೆ ನಿಂತಿದ್ದಾರೆ. ನನ್ನ ತೀರ್ಪು ಕೇಳಿದರೆ, ಹೆಸರೊಂದನ್ನೇ ನೆಚ್ಚಿಕೊಂಡ ನಮ್ಮ ವಾದ ಐದು ಮಂಗಗಳ ಉತ್ತರದಂಥದ್ದು. ಬೆಟ್ಟಕ್ಕೆ ಅದು ಹೊಂದುವುದಿಲ್ಲ. ಇದನ್ನು ಬರೆದದ್ದಕ್ಕೆ ಗೆಳೆಯರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆಗಲಿ. ಭಾಸ್ಕರರು ನಮ್ಮವರಾಗಲು ಇಲ್ಲೇ ಹುಟ್ಟಿರಬೇಕೆಂದಿಲ್ಲ.

ತಾಳೆಯ ರುಚಿ ನನಗೆ ಹತ್ತಿದ್ದು ಕಾಲೇಜಿನಲ್ಲಲ್ಲ. ನಮ್ಮಪ್ಪ ವಿಜಯಪುರದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜೋಳ, ಕುಸುಬಿ, ತೊಗರಿಯ ವ್ಯವಹಾರ. ಸಂಜೆ ಕಿರ್ದಿ ಬರೆದು ಮುಗಿಸಿ ಪೆಟ್ಟಿಗೆಯ ರೊಕ್ಕ ಎಣಿಸಿದರೆ ಶಿಲ್ಕು ಹೊಂದಬೇಕು. ಹೊಂದದಿದ್ದರೆ ತಿಕೋಟಾದ ಕೊನೆಯ ಬಸ್ಸು ಹೋದರೂ ಅಪ್ಪ ಏಳುತ್ತಿರಲಿಲ್ಲ. ಅವರ ಕೈಯಲ್ಲೊಂದು ಉಪಾಯವಿತ್ತು. ವ್ಯತ್ಯಾಸ ಬಂದ ಮೊತ್ತ ಒಂಬತ್ತರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡುತ್ತಿದ್ದರು. ಭಾಗವಾದರೆ, ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಅರ್ಥ. 63 ರೂಪಾಯಿ ವ್ಯತ್ಯಾಸವಿದ್ದರೆ 81 ಇರಬೇಕಾದಲ್ಲಿ 18 ಬಿದ್ದಿದೆಯೇ, 92 ಇರಬೇಕಾದಲ್ಲಿ 29 ಬಿದ್ದಿದೆಯೇ ಎಂದು ಹುಡುಕುತ್ತಿದ್ದರು.

ಶಾಲೆಯಲ್ಲಿ ಮಾಸ್ತರರು ಇದೇ ಒಂಬತ್ತನ್ನು ಬೇರೆ ರೀತಿ ಕಲಿಸಿದ್ದರು. ಸವಾಯಿ, ದೀಡಕಿ ಮಗ್ಗಿಗಳ ಕಾಲ ಅದು. ಗುಣಾಕಾರ ಮಾಡಿದ ಮೇಲೆ ಅಂಕಿಗಳನ್ನು ಕೂಡಿಸಿ ಒಂಬತ್ತು ಕಳೆಯುತ್ತ ಬಂದು, ಎರಡೂ ಕಡೆ ಉಳಿಕೆ ಒಂದೇ ಆದರೆ ಲೆಕ್ಕ ಸರಿ. ಹತ್ತನೇ ಶತಮಾನದವನೆಂದು ಹೇಳುವ ಎರಡನೆಯ ಆರ್ಯಭಟ 'ಮಹಾಸಿದ್ಧಾಂತ'ದಲ್ಲಿ ಈ ಒಂಬತ್ತರ ತಾಳೆಯನ್ನು ಕೊಟ್ಟಿದ್ದಾನೆ. ಆದರೆ ಅದಕ್ಕೊಂದು ಕುರುಡು ಜಾಗವಿದೆ. 81ರ ಬದಲು 18 ಬರೆದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ಮಾಸ್ತರರ ತಾಳೆಗೆ ಆ ತಪ್ಪು ಕಾಣುವುದೇ ಇಲ್ಲ. ಅಪ್ಪ ಹಿಡಿಯುತ್ತಿದ್ದ ತಪ್ಪು ನಿಖರವಾಗಿ ಅದೇ! ಒಂದು ತಾಳೆಗೆ ಸಿಗದ ತಪ್ಪಿಗೆ ಇನ್ನೊಂದು ತಾಳೆ ಬೇಕು. ಈ ಮಾತನ್ನು ಮುಂದೆ ತರಂಗ ಫಲನದ ಪಾಠದಲ್ಲಿ ನಾನು ಬಹಳ ಸಲ ಬಳಸಿದ್ದೇನೆ.

ತರಂಗ ಫಲನಕ್ಕೆ ಬರುವ ಮುಂಚೆ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಒಂದು ನಿಮಿಷ ಹೋಗಿಬರಬೇಕು. ಅದು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಖಚಿತವಾಗಿ ಹೇಳಿದರು. ಭಾಸ್ಕರರೂ ಅದನ್ನೇ ಹೇಳಿದರು. ಇವರು ಇಲ್ಲವೆಂದ ಆ ಋಣ ಒಂದರ ವರ್ಗಮೂಲವನ್ನು 1926ರಲ್ಲಿ ಎರ್ವಿನ್ ಶ್ರೋಡಿಂಗರ್ ತನ್ನ ಸಮೀಕರಣದ ನಡುಮಧ್ಯದಲ್ಲಿ ಕೂಡಿಸಬೇಕಾಯಿತು. ಶ್ರೋಡಿಂಗರ್‌ಗೂ ಅದು ರುಚಿಸಿರಲಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ ಹಿರಿಯ ವಿಜ್ಞಾನಿ ಲೊರೆಂಟ್ಸ್‌ಗೆ ಬರೆದ ಕಾಗದದಲ್ಲಿ ತನ್ನ ಮುಜುಗರವನ್ನು ತೋಡಿಕೊಂಡಿದ್ದಾನೆ. ಮಳಖೇಡದಲ್ಲಿ ಕೂತಿದ್ದ ಜೈನ ಗಣಿತಜ್ಞನ ಸಂಶಯ ಸಾವಿರ ವರ್ಷ ಕಳೆದರೂ ಸತ್ತಿರಲಿಲ್ಲ.

ಶ್ರೋಡಿಂಗರ್‌ನ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಅವನು ಪ್ರಕಟಿಸದೆ ಬಿಟ್ಟ ಸಮೀಕರಣ. ಮೊದಲು ಅವನು ಬರೆದದ್ದು ಸಾಪೇಕ್ಷತೆಯನ್ನು ಒಳಗೊಂಡ ಸಮೀಕರಣ. ನೋಡಲು ಅದೇ ಚೆಂದ. ಆದರೆ ಹೈಡ್ರೋಜನ್ ಬೆಳಕಿನ ಗೆರೆಗಳ ಸೂಕ್ಷ್ಮ ರಚನೆಗೆ ಅದರ ಉತ್ತರ ಹೊಂದಲಿಲ್ಲ. ಅವನು ಅದನ್ನು ಬದಿಗಿಟ್ಟ. ಸಾಪೇಕ್ಷತೆಯಿಲ್ಲದ, ನೋಡಲು ಅಷ್ಟು ಚೆಂದವಲ್ಲದ ಸಮೀಕರಣವನ್ನು 1926ರ ಜನವರಿಯಲ್ಲಿ ಪತ್ರಿಕೆಗೆ ಕಳಿಸಿದ. ಇಂದು ನಮ್ಮ ಹುಡುಗರು ಪರೀಕ್ಷೆಯಲ್ಲಿ ಬರೆಯುವುದು ಅದನ್ನೇ.

ಆ ಸಮೀಕರಣದ ಫಲನ ಏನನ್ನು ಹೇಳುತ್ತದೆ ಎಂಬುದು ಬರೆದವನಿಗೇ ಸ್ಪಷ್ಟವಿರಲಿಲ್ಲ. ಎಲೆಕ್ಟ್ರಾನ್ ಹಿಂಜಿದ ಅರಳೆಯಂತೆ ಹರಡಿಕೊಂಡಿದೆ ಎಂದು ಅವನ ಭಾವನೆ. ಗ್ಯಾಟಿಂಗನ್‌ನ ಮ್ಯಾಕ್ಸ್ ಬಾರ್ನ್ ಅದೇ ಬೇಸಿಗೆಯಲ್ಲಿ, ಅದು ಕಣ ಎಲ್ಲಿ ಸಿಗಬಹುದು ಎಂಬುದರ ಸಂಭವನೀಯತೆಯನ್ನು ಕೊಡುತ್ತದೆ ಎಂದು ಬರೆದ. ಬರೆಯುವಾಗ ಫಲನವೇ ಸಂಭವನೀಯತೆ ಎಂದಿದ್ದವನು ಅಚ್ಚಿನ ಕರಡು ತಿದ್ದುವಾಗ ಅಡಿಟಿಪ್ಪಣಿ ಸೇರಿಸಿದ: ಇನ್ನಷ್ಟು ಎಚ್ಚರದಿಂದ ನೋಡಿದರೆ ಅದು ಫಲನದ ವರ್ಗಕ್ಕೆ ಅನುಪಾತದಲ್ಲಿದೆ ಎಂದು. ಸಂಭವನೀಯತೆ ಋಣವಾಗುವಂತಿಲ್ಲ, ಫಲನ ಋಣವಾಗಬಲ್ಲದು. ವರ್ಗ ಮಾಡದೆ ದಾರಿಯಿಲ್ಲ. 1954ರಲ್ಲಿ ಬಾರ್ನ್‌ಗೆ ಬಂದ ನೊಬೆಲ್ ಪ್ರಶಸ್ತಿಯ ಮುಖ್ಯ ಕಾರಣ ಕರಡು ತಿದ್ದುವಾಗ ಸೇರಿದ ಆ ಅಡಿಟಿಪ್ಪಣಿಯಲ್ಲಿದೆ.

ಈ ಬಾರ್ನ್ ನಮ್ಮ ನಾಡಿನಲ್ಲಿ ಓಡಾಡಿದ ಮನುಷ್ಯ. ಯಹೂದಿ ಮೂಲದವನೆಂದು 1933ರಲ್ಲಿ ನಾಜಿಗಳು ಗ್ಯಾಟಿಂಗನ್‌ನ ಹುದ್ದೆಯನ್ನು ಕಿತ್ತುಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅದೇ ವರ್ಷ ಮುಖ್ಯಸ್ಥರಾಗಿ ಬಂದಿದ್ದ ಸಿ.ವಿ. ರಾಮನ್, ಬಾರ್ನ್‌ರನ್ನು ಕರೆಸಿಕೊಂಡರು. 1935-36ರ ಚಳಿಗಾಲದಲ್ಲಿ ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿದ್ದರು. ಅವರನ್ನು ಇಲ್ಲೇ ಕಾಯಂ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರಾಕ್ಕೆ ಹೋದರು. ಕೈಗೂಡಿದ್ದರೆ ಧಾರವಾಡಕ್ಕೋ ವಿಜಯಪುರಕ್ಕೋ ಅವರ ಶಿಷ್ಯರ ಶಿಷ್ಯರಾದರೂ ಮೇಷ್ಟ್ರಾಗಿ ಬರುತ್ತಿದ್ದರೇನೋ ಎಂದು ನಾನು ಆಸೆಯಿಂದ ಯೋಚಿಸಿದ್ದುಂಟು.

ನಾನು ಕಲಿಸಲು ನಿಂತಾಗ ವಿಜಯಪುರದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ವಿಶ್ವವಿದ್ಯಾಲಯ ಬದಲಾದರೂ ಪೆಟ್ಟಿಗೆಯ ಲೆಕ್ಕ ಬದಲಾಗಲಿಲ್ಲ. ಎರಡು ಗೋಡೆ, ನಡುವೆ ಒಂದು ಕಣ, ಗೋಡೆಗಳು ದಾಟಲಾಗದಷ್ಟು ಎತ್ತರ. ಫಲನ ಎರಡೂ ಗೋಡೆಗಳಲ್ಲಿ ಸೊನ್ನೆಯಾಗಬೇಕು. ಬಿಗಿದ ತಂತಿಯ ಲೆಕ್ಕವೂ ಇದೇ. 1747ರಲ್ಲಿ ದಾಲಂಬೇರ್ ಅದನ್ನು ಬಿಡಿಸಿದ ಮೇಲೆ ಆಯ್ಲರ್ ಮತ್ತು ಡೇನಿಯಲ್ ಬರ್ನೂಲಿ ವರ್ಷಗಟ್ಟಲೆ ಅವನೊಂದಿಗೆ ವಾದಿಸಿದರು. ತಂತಿಯಲ್ಲಿ ಕಾಣುವ ಅರೆ ಅಲೆ, ಒಂದು ಅಲೆ, ಒಂದೂವರೆ ಅಲೆಯ ಆಕಾರಗಳೇ ಕಣಕ್ಕೂ ಬರುತ್ತವೆ. ಬಬಲೇಶ್ವರದ ಕಡೆಯಿಂದ ಬರುವ ಹುಡುಗರು ಭಜನಾ ಮೇಳದ ಏಕತಾರಿ ಕಂಡವರು. ಈ ಭಾಗ ಅವರಿಗೆ ಕೂಡಲೇ ಹತ್ತುತ್ತಿತ್ತು.

ಹತ್ತದಿದ್ದದ್ದು ತಾಳೆ. ಉತ್ತರ ಬಂದ ಕೂಡಲೇ ಕೆಳಗೆ ಎರಡು ಗೆರೆ ಎಳೆದು ಪೆನ್ನು ಮುಚ್ಚುವುದು ನಮ್ಮ ಹುಡುಗರ ಅಭ್ಯಾಸ. ನಾನು ಪೆನ್ನು ತೆಗೆಸುತ್ತಿದ್ದೆ. ಕಣ ಎಲ್ಲೋ ಒಂದು ಕಡೆ ಇದ್ದೇ ಇರಬೇಕು, ಹಾಗಾಗಿ ವರ್ಗದ ಒಟ್ಟು ಮೊತ್ತ ಒಂದಾಗಬೇಕು. ಇದನ್ನೇ ನಾರ್ಮಲೈಸ್ ಮಾಡುವುದು ಎನ್ನುತ್ತೇವೆ, ಇದು ನಮ್ಮಪ್ಪನ ಶಿಲ್ಕು. ಆದರೆ ಶಿಲ್ಕು ಹೊಂದಿದರೆ ಸಾಲದು. ಸೈನ್ ಇರಬೇಕಾದಲ್ಲಿ ಕೊಸೈನ್ ಬರೆದುಬಿಟ್ಟ ಹುಡುಗನ ಫಲನವೂ ಅದೇ ಗುಣಾಂಕದಿಂದ ಚೊಕ್ಕವಾಗಿ ನಾರ್ಮಲೈಸ್ ಆಗುತ್ತದೆ! ಮೊತ್ತ ಒಂದು ಬಂತೆಂದು ಅವನು ಖುಷಿಪಡುತ್ತಾನೆ. ಗೋಡೆಗೆ ಹೋಗಿ ನೋಡಿದರೆ ಕಣ ಗೋಡೆಯ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಸಿಗುತ್ತಿದೆ. ಆದ್ದರಿಂದ ಗೋಡೆಯ ತಾಳೆ ಬೇರೆ ಬೇಕು. ಮಾನದ ತಾಳೆ ಬೇಕು: ಒಂದು ಆಯಾಮದ ಫಲನದ ಮಾನ, ಒಂದನ್ನು ಉದ್ದದ ವರ್ಗಮೂಲದಿಂದ ಭಾಗಿಸಿದಂತಿರಬೇಕು. ಫಲನ ಸೊನ್ನೆಯಾಗುವ ಗಂಟುಗಳನ್ನು ಎಣಿಸಬೇಕು: ಗೋಡೆಗಳೆರಡನ್ನು ಬಿಟ್ಟು ಮೊದಲ ಸ್ಥಿತಿಗೆ ಒಂದೂ ಇರಬಾರದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು. ಕೊನೆಗೆ ಅಂಕಿಯ ಗಾತ್ರ. ಒಂದು ನ್ಯಾನೊಮೀಟರ್ ಅಗಲದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನಿನ ಕನಿಷ್ಠ ಶಕ್ತಿ ಸುಮಾರು 0.376 ಎಲೆಕ್ಟ್ರಾನ್ ವೋಲ್ಟ್. ಅದರ ಜಾಗದಲ್ಲಿ 37,600 ಬರೆದು ಕೊಟ್ಟವರಿದ್ದಾರೆ. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಲು 13.6 ಸಾಕು ಎಂಬ ನೆನಪಿದ್ದವರಿಗೆ ಆ ಅಂಕಿ ಬರೆಯಲು ಕೈ ಬರುವುದಿಲ್ಲ.

ಬಬಲೇಶ್ವರದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯ ನೆನಪು ಇಲ್ಲಿ ಹೇಳಬೇಕು. ಪೆಟ್ಟಿಗೆಯನ್ನು ಮೂರು ಸಮಭಾಗ ಮಾಡಿ, ಕಣ ಯಾವ ಭಾಗದಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳಿದ್ದೆ. ಮೊದಲ ಸ್ಥಿತಿಯಲ್ಲಿ ನಡುವಿನ ಭಾಗಕ್ಕೆ 0.609, ಅಂಚಿನ ಒಂದೊಂದು ಭಾಗಕ್ಕೂ 0.1955 ಬರುತ್ತದೆ. ಕೂಡಿಸಿದರೆ ಒಂದು. ಎರಡನೆಯ ಸ್ಥಿತಿಯಲ್ಲಿ ಅಂಚುಗಳಿಗೆ 0.402ರಂತೆ ಬಂತು, ನಡುವಿನ ಭಾಗಕ್ಕೆ ಉಳಿದದ್ದು ಮತ್ತೆ 0.1955. ಆಕೆ ಗಾಬರಿಯಾಗಿ ಬಂದಳು.

"ಸರ್ರ, ಎರಡೂ ಕಡೆ ಒಂದ ಉತ್ತರಾ ಬಂತ್ರಿ. ಎಲ್ಲೋ ತಪ್ಪೀನಿ ಅನಸ್ತದ್ರಿ."

"ತಪ್ಪಿಲ್ಲವ್ವಾ. ಚಿತ್ರಾ ತಗದು ನೋಡು. ಪೆಟಿಗಿ ನಡುವ ಸೀಳು."

ಆಕೆ ಅಲ್ಲೇ ಮೇಜಿನ ಮೇಲೆ ಚಿತ್ರ ಬಿಡಿಸಿದಳು. ಎರಡನೆಯ ಸ್ಥಿತಿಯಲ್ಲಿ ನಟ್ಟನಡುವೆ ಒಂದು ಗಂಟು ಇರುತ್ತದೆ. ಅಲ್ಲಿ ಸೀಳಿದರೆ ಅದು ಅರ್ಧ ಅಗಲದ ಎರಡು ಪೆಟ್ಟಿಗೆಗಳು, ಒಂದೊಂದರಲ್ಲೂ ಮೊದಲ ಸ್ಥಿತಿಯೇ. ದೊಡ್ಡ ಪೆಟ್ಟಿಗೆಯ ನಡುವಿನ ಮೂರನೇ ಒಂದು ಭಾಗವೆಂದರೆ ಎಡಗಡೆಯ ಪುಟ್ಟ ಪೆಟ್ಟಿಗೆಯ ಕೊನೆಯ ಮೂರನೇ ಒಂದು ಭಾಗ ಮತ್ತು ಬಲಗಡೆಯದರ ಮೊದಲ ಮೂರನೇ ಒಂದು ಭಾಗ. ಎರಡೂ ಅಂಚುಗಳೇ! ಹಾಗಾಗಿ ಅಂಚಿನ ಅಂಕಿಯೇ ಬರಬೇಕು. "ಹೌದಲ್ರೀ" ಎಂದಳು. ತಾಳೆ ತಪ್ಪು ಹಿಡಿಯಲು ಮಾತ್ರ ಎಂದು ನಾನೂ ಅಲ್ಲಿಯ ತನಕ ಅಂದುಕೊಂಡಿದ್ದೆ. ಹೊಂದಿದ ಲೆಕ್ಕವನ್ನು ಮತ್ತೆ ಕೆದಕಿದ್ದಕ್ಕೆ ಆಕೆಗೆ ಸಮಮಿತಿಯ ಪಾಠವೊಂದು ಪುಕ್ಕಟೆ ಸಿಕ್ಕಿತು.

ಗೋಡೆಗಳ ಎತ್ತರ ಇಳಿಸಿದರೆ ಭಾಸ್ಕರರ ಮಂಗಗಳು ತರಗತಿಯೊಳಕ್ಕೇ ಬರುತ್ತವೆ. ಗೋಡೆಯ ಆಚೆ, ಕಣಕ್ಕೆ ಹೋಗಲು ಶಕ್ತಿ ಸಾಲದ ಜಾಗದಲ್ಲಿ, ಸಮೀಕರಣ ಎರಡು ಉತ್ತರ ಕೊಡುತ್ತದೆ: ದೂರ ಹೋದಂತೆ ಕರಗುತ್ತ ಹೋಗುವುದೊಂದು, ಬೆಳೆಯುತ್ತ ಹೋಗುವುದೊಂದು. ಗಣಿತಕ್ಕೆ ಎರಡೂ ಸಮ. ಬೆಳೆಯುವ ಉತ್ತರವನ್ನು ಒಪ್ಪಿದರೆ ಕಣ ಪೆಟ್ಟಿಗೆಯಲ್ಲಿ ಸಿಗುವುದಕ್ಕಿಂತ ಅನಂತ ದೂರದಲ್ಲೇ ಹೆಚ್ಚು ಸಿಗಬೇಕಾಗುತ್ತದೆ, ಒಟ್ಟು ಮೊತ್ತ ಒಂದಾಗುವುದೇ ಇಲ್ಲ. ಅದನ್ನು ಬಿಡುತ್ತೇವೆ. ಇದು ಗುಹೆಯ ಲೆಕ್ಕದ ಐದು ಮಂಗ. ಹುಡುಗರು ಇದನ್ನು 'ಬೆಳೆಯುವುದನ್ನು ಹೊಡೆದು ಹಾಕು' ಎಂದು ಬಾಯಿಪಾಠ ಮಾಡಿಬಿಡುತ್ತಾರೆ. ಮುಂದಿನ ವಾರ ದಪ್ಪ ಕಡಿಮೆಯಿರುವ ಗೋಡೆಯ ಲೆಕ್ಕ ಬಂದಾಗ ಅಲ್ಲಿಯೂ ಹೊಡೆದು ಹಾಕಿ ಕೆಡುತ್ತಾರೆ. ಆ ಗೋಡೆ ಅನಂತದ ತನಕ ಹೋಗುವುದಿಲ್ಲ, ಒಂದು ಕಡೆ ಮುಗಿಯುತ್ತದೆ. ಬೆಳೆಯುವ ಪಾಲಿಗೆ ಅಲ್ಲಿ ಕೆಡುಕು ಮಾಡಲು ಜಾಗವೇ ಇಲ್ಲ. ಎರಡನ್ನೂ ಇಟ್ಟುಕೊಂಡರೆ ಮಾತ್ರ ಗೋಡೆಯ ಎರಡೂ ಮುಖಗಳಲ್ಲಿ ಫಲನವೂ ಅದರ ಇಳಿಜಾರೂ ಕೂಡಿಕೊಳ್ಳುತ್ತವೆ. ಇದು ಗುಡ್ಡದ ಮೇಲಿನ ಮಂಗಗಳ ಲೆಕ್ಕ, 48 ಮತ್ತು 16. 1928ರಲ್ಲಿ ಗ್ಯಾಮೊ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ, ಹೀಗೆ ಗೋಡೆ ತೂರುವ ಲೆಕ್ಕದಿಂದಲೇ ಪರಮಾಣು ಬೀಜದಿಂದ ಆಲ್ಫಾ ಕಣ ಹೊರಬೀಳುವುದನ್ನು ವಿವರಿಸಿದರು. ಯುರೇನಿಯಂನಂಥವು ಕೋಟ್ಯಂತರ ವರ್ಷ ಬಾಳಿದರೆ ಇನ್ನು ಕೆಲವು ಕ್ಷಣದಲ್ಲಿ ಮುಗಿಯುವುದೇಕೆ ಎಂಬುದೂ ಅದರಿಂದ ತಿಳಿಯಿತು. ಅಳತೆಯ ಅಂಕಿಗಳು ಹೊಂದಿದ್ದರಿಂದಲೇ ಜನ ನಂಬಿದರು.

ಎರಡು ತುದಿಯ ಪೆಟ್ಟಿಗೆ ಆದ ಮೇಲೆ ತುದಿಯೇ ಇಲ್ಲದ ಲೆಕ್ಕವೊಂದು ಬರುತ್ತದೆ, ಉಂಗುರದ ಮೇಲಿನ ಕಣ. ಒಂದು ಸುತ್ತು ಹಾಕಿ ಬಂದಾಗ ಫಲನ ಹೊರಟಾಗ ಹೇಗಿತ್ತೋ ಹಾಗೆಯೇ ಇರಬೇಕು. ಸುತ್ತಳತೆಯಲ್ಲಿ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಕೂಡಬೇಕು, ಬೇರೆ ಷರತ್ತಿಲ್ಲ. ಈ ಪಾಠಕ್ಕೆ ನಮ್ಮೂರಲ್ಲಿರುವಂಥ ಪ್ರಯೋಗಶಾಲೆ ಬೇರೆಲ್ಲಿಯೂ ಸುಲಭಕ್ಕೆ ಸಿಗದು. ಮುಹಮ್ಮದ್ ಆದಿಲ್ ಶಾ (ಆಳ್ವಿಕೆ 1627-1656) ತನ್ನ ಗೋರಿಗೆಂದು ಕಟ್ಟಿಸಿದ ಗೋಳಗುಮ್ಮಟದ ಒಳವ್ಯಾಸ ಸುಮಾರು 124 ಅಡಿ, ಅಂದರೆ 38 ಮೀಟರ್‌ಗೆ ಸ್ವಲ್ಪ ಕಡಿಮೆ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ನೆಲದಿಂದ ನೂರು ಅಡಿಗೂ ಹೆಚ್ಚು ಎತ್ತರದ ಪಿಸುಮಾತಿನ ಪಡಸಾಲೆಗೆ ಬಂದು ಗೋಡೆಗೆ ಬಾಯಿ ಹಚ್ಚಿ ಮಾತಾಡಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿ ಹಚ್ಚಿದವನಿಗೆ ಕೇಳಿಸುತ್ತದೆ. ಸುತ್ತಳತೆ 119 ಮೀಟರ್. ದನಿ ಒಂದು ಸುತ್ತು ಬರಲು ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ತುಸು ಹೆಚ್ಚು ಬೇಕು.

ಈ ಪಿಸುಮಾತು ಹೇಗೆ ಸಾಗುತ್ತದೆ ಎಂಬ ವಾದ ಹತ್ತೊಂಬತ್ತನೇ ಶತಮಾನದ್ದು. ಲಂಡನ್ನಿನ ಸಂತ ಪಾಲ್ ಇಗರ್ಜಿಯ ಗುಮ್ಮಟವನ್ನು ಮುಂದಿಟ್ಟುಕೊಂಡು ಖಗೋಳಜ್ಞ ಏರಿ, ದನಿ ಗುಮ್ಮಟಕ್ಕೆ ಬಡಿದು ಎದುರಿನ ಬಿಂದುವಿನಲ್ಲಿ ಕೂಡುತ್ತದೆ ಎಂದ. ಲಾರ್ಡ್ ರ‍್ಯಾಲೀ ಅದನ್ನು ಒಪ್ಪಲಿಲ್ಲ. ಪಿಸುಮಾತು ಎದುರಿನ ಒಂದು ಬಿಂದುವಿನಲ್ಲಷ್ಟೇ ಅಲ್ಲ, ಗೋಡೆಯ ಉದ್ದಕ್ಕೂ ಕೇಳುತ್ತದಲ್ಲ? ಹಾಗಾದರೆ ದನಿ ಗೋಡೆಗಂಟಿಕೊಂಡು ತೆವಳುತ್ತ ಹೋಗುತ್ತಿರಬೇಕು ಎಂದ. ಹೇಳಿ ಸುಮ್ಮನಾಗಲಿಲ್ಲ. ಬಾಗಿಸಿದ ತಗಡಿನ ಒಂದು ತುದಿಯಲ್ಲಿ ಕೀರಲು ದನಿಯ ಸೀಟಿ, ಇನ್ನೊಂದು ತುದಿಯಲ್ಲಿ ದನಿಗೆ ನಡುಗುವ ದೀಪದ ಕುಡಿ ಇಟ್ಟ. ತಗಡಿಗೆ ಹತ್ತಿ ಒಂದು ಕಿರಿದಾದ ತಡೆ ಇಟ್ಟರೆ ಸಾಕು, ಕುಡಿಯ ನಡುಕ ನಿಲ್ಲುತ್ತಿತ್ತು. ನಡುವಿನ ಜಾಗವೆಲ್ಲ ಖಾಲಿ ಇದ್ದರೂ ದನಿಗೆ ಆ ದಾರಿ ಬೇಡವಾಗಿತ್ತು.

ರ‍್ಯಾಲೀಯ ಗಣಿತವನ್ನು ತಾಳೆ ನೋಡಿದವರು ನಮ್ಮ ರಾಮನ್. 1921ರಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆಂದು ಇಂಗ್ಲೆಂಡಿಗೆ ಹೋದವರು ಸದರ್ಲೆಂಡ್ ಎಂಬವರ ಜೊತೆ ಸಂತ ಪಾಲ್ ಗುಮ್ಮಟದಲ್ಲಿ ಅಳತೆಗೆ ಇಳಿದರು. ಗೋಡೆಯಿಂದ ದೂರ ಸರಿದಂತೆ ದನಿ ಸುಮ್ಮನೆ ಕುಗ್ಗುತ್ತ ಹೋಗದೆ ಏರಿ ಇಳಿಯುವುದನ್ನೂ, ಗೋಡೆಯ ಸುತ್ತ ಸಾಗಿದಂತೆಯೂ ಜೋರು ಮೆಲುವಿನ ಪಟ್ಟಿಗಳು ಬರುವುದನ್ನೂ ಕಂಡರು. ರ‍್ಯಾಲೀ ಹೇಳಿದ್ದಕ್ಕಿಂತ ಹೆಚ್ಚಿನದು ಅಲ್ಲಿತ್ತು. ಅದೇ ಪ್ರವಾಸದಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಕಣ್ಣಿಗೆ ಬಿದ್ದದ್ದು. ಆ ನೀಲಿಯನ್ನು ಎಲ್ಲರೂ ನೆನೆಯುತ್ತಾರೆ, ಗುಮ್ಮಟದ ಅಳತೆಯನ್ನು ಯಾರೂ ನೆನೆಯುವುದಿಲ್ಲ. ಮರಳಿ ಬಂದು 1922ರಲ್ಲಿ ಬರೆದ ಲೇಖನದಲ್ಲಿ ರಾಮನ್ ಭಾರತದ ಪಿಸುಮಾತಿನ ಪಡಸಾಲೆಗಳ ಮಾತೆತ್ತಿದರು. ಪಾಟ್ನಾದ ಗೋಲಘರ್ ಮುಂತಾದವುಗಳ ಜೊತೆ ವಿಜಯಪುರದ ಗೋಳಗುಮ್ಮಟವೂ ಅದರಲ್ಲಿದೆ. ಶ್ರೋಡಿಂಗರ್‌ನ ಸಮೀಕರಣಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಆದರೆ ತನ್ನ ಮೇಲೆ ತಾನೇ ಮುಚ್ಚಿಕೊಳ್ಳುವ ಅಲೆಯ ಲೆಕ್ಕ ನಮ್ಮೂರಿನ ಹೆಸರಿನೊಂದಿಗೆ ಆಗಲೇ ಅಚ್ಚಾಗಿತ್ತು.

ಇದಕ್ಕೆ ಒಂದು ಬಾಲವಿದೆ. 1940ರ ದಶಕದಲ್ಲಿ ರಾಮನ್ ಮತ್ತು ಬಾರ್ನ್ ನಡುವೆ ಹರಳುಗಳ ಕಂಪನದ ವಿಷಯವಾಗಿ ದೊಡ್ಡ ಜಗಳವಾಯಿತು. ಬಾರ್ನ್ 1912ರಲ್ಲೇ ಫಾನ್ ಕಾರ್ಮನ್ ಜೊತೆ ಸೇರಿ ಹರಳಿನ ಲೆಕ್ಕಕ್ಕೆ ಒಂದು ಉಪಾಯ ಹೂಡಿದ್ದರು: ಹರಳಿನ ಈ ತುದಿ ಆ ತುದಿಗೆ ಕೂಡಿಕೊಂಡು ಉಂಗುರವಾಗಿದೆ ಎಂದು ಇಟ್ಟುಕೊಳ್ಳುವುದು. ರಾಮನ್ ಅದಕ್ಕೆ ಸುತರಾಂ ಒಪ್ಪಲಿಲ್ಲ. ನಿಜವಾದ ಉಂಗುರದಲ್ಲಿ ದನಿಯನ್ನು ಅಳೆದು ಬಂದ ಮನುಷ್ಯನಿಗೆ ಕಾಗದದ ಮೇಲಿನ ಉಂಗುರ ಮೋಸವೆನಿಸಿರಬಹುದು, ಇದು ನನ್ನ ಊಹೆ. ರಾಮನ್‌ರ ಪಕ್ಷಪಾತಿಯಾದ ನಾನು ಹೇಳಲೇಬೇಕಾದದ್ದು, ಅವರ ವಾದ ನಿಲ್ಲಲಿಲ್ಲ ಎಂಬುದು. ಹರಳಿನಲ್ಲಿ ಪರಮಾಣುಗಳು ಎಣಿಕೆಗೆ ಮೀರಿದಷ್ಟಿರುವಾಗ ತುದಿಯಲ್ಲಿ ಏನಿದೆ ಎಂಬುದು ಒಡಲಿನ ಕಂಪನಕ್ಕೆ ಲೆಕ್ಕಕ್ಕಿಲ್ಲ. ಮುಂದೆ ನ್ಯೂಟ್ರಾನ್ ಬಡಿಸಿ ಮಾಡಿದ ಅಳತೆಗಳು ಬಾರ್ನ್ ಪರವಾಗಿಯೇ ಬಂದವು. ಗೋಡೆಯ ಷರತ್ತು ಎಲ್ಲಿ ಜೀವ, ಎಲ್ಲಿ ನೆಪ ಎಂದು ತಿಳಿಯುವುದು ರಾಮನ್‌ರಂಥವರಿಗೂ ಕಷ್ಟವಾಯಿತು.

ಈಗ ಪರೀಕ್ಷೆಯ ಮಾತು. ನಮ್ಮ ಕಡೆಯ ಪ್ರಶ್ನೆಪತ್ರಿಕೆಗಳಲ್ಲಿ ತರಂಗ ಫಲನ ಪಡೆಯಿರಿ, ಶಕ್ತಿಯ ಸೂತ್ರ ಸಾಧಿಸಿರಿ ಎಂದು ಕೇಳುತ್ತ ಬಂದಿದ್ದಾರೆ. ಸಾಧಿಸಿದ್ದನ್ನು ತಾಳೆ ನೋಡಿರಿ ಎಂದು ಕೇಳಿದ ಪ್ರಶ್ನೆ ನನ್ನ ಕೈಗೆ ಬಂದದ್ದು ಅಪರೂಪ. ಅಂಕವಿಲ್ಲದ ಕೆಲಸವನ್ನು ಹುಡುಗರು ಮಾಡುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಪ್ರಶ್ನೆಪತ್ರಿಕೆ ತೆಗೆಯುವ ಪ್ರಾಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಹತ್ತು ಅಂಕದ ಲೆಕ್ಕದಲ್ಲಿ ಎರಡನ್ನು ತಾಳೆಗೆ ಇಡಿ. ಗೋಡೆಯಲ್ಲಿ ಸೊನ್ನೆಯಾಯಿತೇ, ಮೊತ್ತ ಒಂದಾಯಿತೇ, ಮಾನ ಕೂಡಿತೇ, ಗಂಟು ಎಷ್ಟು ಎಂದು ಕೆಳಗೆ ನಾಲ್ಕು ಸಾಲು ಬರೆದವರಿಗೆ ಆ ಎರಡು ಅಂಕ ಕೊಡಿ. ಉತ್ತರ ತಪ್ಪಿದ್ದು, ಅದು ತಪ್ಪೆಂದು ತಾಳೆಯಲ್ಲಿ ತಾನೇ ಕಂಡುಹಿಡಿದು ಬರೆದ ಹುಡುಗನಿಗೆ ಬೇಕಾದರೆ ಮೂರು ಕೊಡಿ.

ವಿದ್ಯಾರ್ಥಿಗಳಾದ ಓದುಗರಿಗೆ ಒಂದು ಲೆಕ್ಕ ಬಿಟ್ಟಿದ್ದೇನೆ. ಪೆಟ್ಟಿಗೆಯ ಮೂರನೆಯ ಸ್ಥಿತಿಯಲ್ಲಿ ಮೂರು ಸಮಭಾಗಗಳಿಗೂ ತಲಾ ಮೂರನೇ ಒಂದರಷ್ಟು ಸಂಭವನೀಯತೆ ಬರುತ್ತದೆ. ಅದನ್ನು ಸಮಾಕಲನ ಮಾಡದೆ, ಬರೀ ಚಿತ್ರ ಬಿಡಿಸಿ ತೋರಿಸಿ.